ಗುಳೆ ಹೋದವರ ಚರಿತ್ರೆ ಹಾಡಿನಲ್ಲಿದೆ

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ–ರೊಟ್ಟಿ ಉಂಡು, ತೊಗರಿ ರಾಶಿ ಮುಗಿಸಿದ ಮೇಲೆ ನಮ್ಮ ಮಹಾಗಾಂವ ಕ್ರಾಸಿನಲ್ಲಿ ಗಂಟುಮೂಟೆಗಳು ಕಾಣತೊಡಗುತ್ತವೆ. ಜೋಳದ ಹಿಟ್ಟಿನ ಚೀಲ, ಕೌದಿಯ ಗಂಟು, ಒಂದೆರಡು ಪಾತ್ರೆ. ಶಾಲೆಯ ಬ್ಯಾಗಿನಲ್ಲಿ ಪುಸ್ತಕ ತೆಗೆದು ಬಟ್ಟೆ ತುಂಬಿಕೊಂಡ ಮಕ್ಕಳು. ಹುಮನಾಬಾದ್ ಕಡೆಯಿಂದ ಬರುವ ಬಸ್ಸಿಗೆ ಕೈ ಮಾಡಿ ಕಲಬುರಗಿಗೆ ಹೋಗುತ್ತಾರೆ. ಅಲ್ಲಿಂದ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರು. ಕೆಲವರು ಮುಂಗಾರಿಗೆ ಮರಳುತ್ತಾರೆ, ಕೆಲವರು ಪಂಚಮಿಗೆ, ಕೆಲವರು ಮರಳುವುದೇ ಇಲ್ಲ. ಇವರ ಬಗ್ಗೆ ನಾವು ಓದುವುದು ಎರಡೇ ರೀತಿಯ ಸುದ್ದಿ: ಇಷ್ಟು ಕುಟುಂಬಗಳು ಗುಳೆ ಹೋದವು ಎಂಬ ಅಂಕಿ, ಇಲ್ಲವೇ ಎಲ್ಲೋ ಕಟ್ಟಡ ಕುಸಿದು ಸತ್ತವರ ಪಟ್ಟಿ. ಈ ಎರಡರ ನಡುವೆ ಅವರು ಬದುಕಿದ ಬದುಕು ಎಲ್ಲಿ ದಾಖಲಾಗಿದೆ?

ಕನ್ನಡ ಪಾಠ ಹೇಳಿ ಬದುಕು ಕಳೆದ ಈ ಊರಿನವನಾಗಿ ನನ್ನ ಉತ್ತರ ಇದು: ಅದು ಅವರ ಹಾಡಿನಲ್ಲಿದೆ. ಗುಳೆಯ ಚರಿತ್ರೆ ಬೇಕಾದವರು ಹಾಡಿನ ಬಳಿ ಹೋಗಬೇಕು, ಅದೂ ಹಾಡುವವರ ಉಸಿರಿರುವಾಗಲೇ ಹೋಗಬೇಕು. ಹೀಗೆ ಹೇಳಲು ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಮತ್ತು ಅದರ ಹಿಂದಿನ ವಲಸೆಯ ಕಥೆ.

1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್‌ನಂಥ ನಗರಗಳಿಗೆ ಹೋದರು. ಗುಲಾಮಗಿರಿ 1865ರಲ್ಲೇ ರದ್ದಾಗಿತ್ತು. ಆದರೆ ಹೊಲ ಬಿಳಿಯ ಜಮೀನ್ದಾರನದೇ ಆಗಿತ್ತು, ದುಡಿಮೆ ಕಪ್ಪು ಜನರದಾಗಿತ್ತು. ಬೀಜ, ಗೊಬ್ಬರ, ಹಿಟ್ಟು ಎಲ್ಲವನ್ನೂ ಜಮೀನ್ದಾರನ ಅಂಗಡಿಯಿಂದ ಸಾಲ ತರಬೇಕು. ವರ್ಷದ ಕೊನೆಗೆ ಲೆಕ್ಕ ಮಾಡಿದರೆ ಕೈಗೆ ಬರುವುದೇನೂ ಇಲ್ಲ, ಸಾಲ ಮಾತ್ರ ಮುಂದಿನ ವರ್ಷಕ್ಕೆ ದಾಟುತ್ತದೆ. ಕಾನೂನೇ ಬೇರೆ ಬಾಗಿಲು, ಬೇರೆ ಬೋಗಿ, ಬೇರೆ ಶಾಲೆ ಎಂದು ವಿಧಿಸಿತ್ತು. ಗುಂಪು ಕಟ್ಟಿ ಮರಕ್ಕೆ ನೇತುಹಾಕಿ ಕೊಲ್ಲುವುದು ನಡೆದೇ ಇತ್ತು. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಬೆಳೆದ ಬ್ಲೂಸ್, ಇಲಿನಾಯ್ಸ್ ಸೆಂಟ್ರಲ್ ಕಂಪನಿಯ ರೈಲು ಹತ್ತಿ ಶಿಕಾಗೊಗೆ ಹೋದದ್ದು ಈ ಜನರ ಜೊತೆಗೇ.

ಇತಿಹಾಸಕಾರರು ಇಂದು ಆ ಹಾಡುಗಳನ್ನು ದಾಖಲೆಯಂತೆ ಓದುತ್ತಾರೆ. 1927ರಲ್ಲಿ ಮಿಸಿಸಿಪ್ಪಿ ನದಿ ಒಡ್ಡು ಒಡೆದು ಹರಿದಾಗ ಗ್ರೀನ್‌ವಿಲ್ ಊರಿನ ಕಪ್ಪು ಜನರನ್ನು ಒಡ್ಡಿನ ಮೇಲೆಯೇ ಕೂಡಿಹಾಕಿ, ಬಂದೂಕಿನ ಕಾವಲಿನಲ್ಲಿ ದುಡಿಸಿಕೊಂಡರು. ಎರಡು ವರ್ಷದ ನಂತರ ಚಾರ್ಲಿ ಪ್ಯಾಟನ್ ಎಂಬ ಗಾಯಕ ಆ ಪ್ರವಾಹದ ಹಾಡನ್ನು ರೆಕಾರ್ಡ್ ಮಾಡಿದ. ಗ್ರೀನ್‌ವಿಲ್, ಲೀಲ್ಯಾಂಡ್, ರೋಸ್‌ಡೇಲ್, ವಿಕ್ಸ್‌ಬರ್ಗ್ ಎಂದು ಅವನು ಊರುಗಳ ಹೆಸರು ಹಿಡಿದು ಹಾಡುತ್ತಾನೆ. ನೀರು ಹಿಂದಟ್ಟಿದ ಜನ ಯಾವ ದಾರಿ ಹಿಡಿದರು, ಎಲ್ಲಿ ಜಾಗ ಸಿಗಲಿಲ್ಲ ಎಂಬುದು ಆ ಹೆಸರುಗಳಿಂದಲೇ ತಿಳಿಯುತ್ತದೆ.

ಆ ಹಾಡು ಕೇಳಿದಾಗ ನನಗೆ ನೆನಪಾದದ್ದು ನನ್ನ ದೊಡ್ಡವ್ವ. 1972ರ ಬರದಲ್ಲಿ ಅವಳು ಗಂಡನ ಜೊತೆ ಮುಂಬಯಿಗೆ ಹೋದವಳು. ಅಕ್ಷರ ಕಲಿತವಳಲ್ಲ. ಬೀಸುಕಲ್ಲಿನ ಮುಂದೆ ಕೂತು ಅವಳು ಕಟ್ಟಿಕೊಂಡ ಪದಗಳಲ್ಲಿ ಕಲಬುರಗಿಯಿಂದ ದಾದರದವರೆಗಿನ ಸ್ಟೇಶನ್ನುಗಳು ಒಂದಾದ ಮೇಲೊಂದು ಬರುತ್ತಿದ್ದವು: ಗಾಣಗಾಪುರ ರೋಡ್, ದುಧನಿ, ಅಕ್ಕಲಕೋಟ ರೋಡ್, ಸೋಲಾಪುರ, ಕುರ್ಡುವಾಡಿ, ದೌಂಡ್, ಪುಣೆ, ಕಲ್ಯಾಣ. ಒಂದೊಂದು ಸ್ಟೇಶನ್ನಿಗೆ ಒಂದೊಂದು ಗುರುತು. ದುಧನಿಯಲ್ಲಿ ಕುಡಿಯುವ ನೀರು ಸಿಕ್ಕಿತು. ಕುರ್ಡುವಾಡಿಯಲ್ಲಿ ಓಣಿಯ ಗೆಳತಿ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಳು. ಪುಣೆ ದಾಟಿದ ಮೇಲೆ ಘಾಟಿನ ಕತ್ತಲು ಬಂತು, ಹಸುಗೂಸು ಅತ್ತಿತು. ಇಷ್ಟೆಲ್ಲ ಯಾಕೆ ಹೆಸರು ಹೇಳಿ ಹಾಡ್ತಿ ಎಂದು ಕೇಳಿದರೆ ಅವಳ ಉತ್ತರ ಸರಳವಾಗಿತ್ತು: "ಬೋರ್ಡ್ ಓದಾಕ ನನಗೆಲ್ಲಿ ಬರ್ತದ ತಮ್ಮಾ? ಹಾಡ್ಕೋತ ಹ್ವಾದ್ರ ಹೊಳ್ಳಿ ಬರೋ ದಾರಿ ಮರಿಯಂಗಿಲ್ಲ."

ಓದಲು ಬಾರದ ಹೆಂಗಸೊಬ್ಬಳು ತಾನು ಮನೆಗೆ ಮರಳುವ ದಾರಿಯನ್ನು ತ್ರಿಪದಿಯಲ್ಲಿ ಕಟ್ಟಿಕೊಂಡಿದ್ದಳು. ಅವಳ ಪದಗಳಲ್ಲಿ ಇನ್ನೂ ಇತ್ತು: ಮುಂಗಡ ಕೊಟ್ಟು ಕರೆದೊಯ್ದ ಮೇಸ್ತ್ರಿ, ಸಿಮೆಂಟು ತಿಂದ ಅಂಗೈ, ಊರಲ್ಲಿ ಅತ್ತೆಯ ಬಳಿ ಬಿಟ್ಟುಬಂದ ಹಿರಿಮಗಳು, ವರ್ಷದ ಕೊನೆಗೆ ಲೆಕ್ಕ ಮಾಡಿದಾಗ ಉಳಿದ ಬಾಕಿ. ಮಿಸಿಸಿಪ್ಪಿಯ ಹೊಲದ ಲೆಕ್ಕವೂ ಮುಂಬಯಿಯ ಗುತ್ತೇದಾರನ ಲೆಕ್ಕವೂ ಮುಗಿಯುತ್ತಿದ್ದದ್ದು ಒಂದೇ ಕಡೆ, ದುಡಿದವರ ತಲೆಯ ಮೇಲೆ. ಅವಳು ತೀರಿಕೊಂಡಳು. ಓಣಿಯಲ್ಲಿ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತ್ತು, ಅವಳ ಪದಗಳನ್ನು ಕಲಿಯುವ ಸಂದರ್ಭವೇ ಸೊಸೆಯಂದಿರಿಗೆ ಒದಗಲಿಲ್ಲ. ಇಂಥ ದೊಡ್ಡವ್ವಂದಿರು ಕಮಲಾಪುರ, ಚಿಂಚೋಳಿ, ಆಳಂದ, ಚಿತ್ತಾಪುರದ ಊರೂರಲ್ಲೂ ಇದ್ದರು. ಅವರ ವಯಸ್ಸಿನ ಕೊನೆಯ ತಲೆಮಾರು ಈಗಲೂ ನಮ್ಮ ನಡುವೆ ಇದೆ.

ತ್ರಿಪದಿಗೂ ಬ್ಲೂಸಿಗೂ ಒಂದು ಕುತೂಹಲದ ಹೋಲಿಕೆ ಇದೆ. ಬ್ಲೂಸಿನ ಪದ ಸಾಮಾನ್ಯವಾಗಿ ಮೂರು ಸಾಲಿನದು. ಮೊದಲ ಸಾಲನ್ನು ಎರಡು ಸಲ ಹಾಡಿ ಮೂರನೆಯದರಲ್ಲಿ ಮಾತು ಮುಗಿಸುತ್ತಾರೆ. ನಮ್ಮ ಗರತಿಯರೂ ಮೂರು ಸಾಲಿನಲ್ಲೇ ಹಾಡುತ್ತಾರೆ, ಎರಡನೆಯ ಸಾಲನ್ನು ಮರಳಿ ಹಾಡುತ್ತಾರೆ. ಎರಡೂ ಕಡೆ ಆ ಮರುಕಳಿಕೆಯಲ್ಲಿ ಹಾಡುವವರಿಗೆ ಮುಂದಿನ ಸಾಲು ಹೊಳೆಯಲು ಸಮಯ ಸಿಗುತ್ತದೆ. ಕೈಗೆ ಕೆಲಸವಿದ್ದವರು, ಕಾಗದ ಇಲ್ಲದವರು ಕಟ್ಟಿಕೊಂಡ ಛಂದಸ್ಸು ಇದು. ಅದರಲ್ಲಿ ಹೊಸ ಘಟನೆ ಸೇರಿಸುವುದು ಸುಲಭ. ಹಾಗಾಗಿಯೇ ಅದು ಚರಿತ್ರೆಯನ್ನು ಹೊರಬಲ್ಲದು.

ಬೆಳೆಗೆ ಬಿದ್ದ ಹುಳು, ರೋಗವನ್ನೇ ನೋಡಿ. ಬೋಲ್ ವೀವಿಲ್ ಎಂಬ ಸೊಂಡಿಲು ಹುಳು 1892ರ ಸುಮಾರಿಗೆ ಮೆಕ್ಸಿಕೊದಿಂದ ಟೆಕ್ಸಾಸಿಗೆ ದಾಟಿ, ಮುಂದಿನ ಮೂರು ದಶಕಗಳಲ್ಲಿ ದಕ್ಷಿಣದ ಹತ್ತಿ ಸೀಮೆಯನ್ನೆಲ್ಲ ಆವರಿಸಿತು. ಲಕ್ಷಾಂತರ ಜನ ಊರು ಬಿಡಲು ಅದೂ ಒಂದು ಕಾರಣ. ಆ ಹುಳುವಿನ ಮೇಲೆ ಕಪ್ಪು ಗಾಯಕರು ಎಷ್ಟೋ ಪದ ಕಟ್ಟಿದರು, ಅವು ಇಂದಿಗೂ ಕೇಳಲು ಸಿಗುತ್ತವೆ. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿ, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತು. ಪರಿಹಾರದ ಅರ್ಜಿ, ಸಮೀಕ್ಷೆಯ ವರದಿ ಎಲ್ಲ ಕಚೇರಿಗಳಲ್ಲಿವೆ. ಆ ವರ್ಷ ಮೊಹರಂ ಪದ ಕಟ್ಟುವವರು, ಭಜನೆಯ ಮೇಳದವರು, ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಏನು ಹಾಡಿದರು? ಅದನ್ನು ಯಾರಾದರೂ ಕೇಳಿಕೊಂಡು ಬರೆದಿಟ್ಟರೇ?

ನಮ್ಮ ತಾಂಡಾಗಳ ಕಥೆ ಇನ್ನೂ ಹಳೆಯದು. ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ನಿನ ಉದ್ದಗಲಕ್ಕೂ ನಡೆದವರು. ಸೇನೆಗಳಿಗೆ ಅನ್ನ ಮುಟ್ಟಿಸಿದವರು. 1871ರಲ್ಲಿ ಮುಂಬಯಿ ಕಡೆಯ ರೈಲು ಕಲಬುರಗಿ ಸೀಮೆ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. ಎತ್ತಿನ ಮೇಲಿನ ವ್ಯಾಪಾರ ರೈಲಿನ ಮುಂದೆ ನಿಲ್ಲಲಿಲ್ಲ. ಅದೇ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು, ಮುಂದೆ ಹಲವು ಪ್ರಾಂತಗಳಲ್ಲಿ ಲಂಬಾಣಿಗರಿಗೂ ಆ ಹಣೆಪಟ್ಟಿ ಅಂಟಿತು. ಅದು ಕಾಗದದಿಂದ ಅಳಿಯಲು 1952ರವರೆಗೆ ಕಾಯಬೇಕಾಯಿತು. ಅಮೆರಿಕದ ಕಪ್ಪು ಜನರಿಗೆ ರೈಲು ಬಿಡುಗಡೆಯ ದಾರಿಯಾಯಿತು, ಅವರ ಹಾಡಿನಲ್ಲಿ ರೈಲಿನ ಸದ್ದು ಮತ್ತೆ ಮತ್ತೆ ಕೇಳುತ್ತದೆ. ನಮ್ಮ ಲಂಬಾಣಿಗರ ಜೀವನೋಪಾಯವನ್ನು ರೈಲು ಮೊದಲು ಕಿತ್ತುಕೊಂಡಿತು, ಆಮೇಲೆ ಅವರನ್ನೇ ಕೂಲಿಗೆ ಹೊತ್ತೊಯ್ದಿತು. ಈ ಎರಡೂ ಘಟ್ಟಗಳ ನೆನಪು ಅವರ ಲೇಂಗಿ ಹಾಡುಗಳಲ್ಲಿ, ತೀಜ್ ಹಾಡುಗಳಲ್ಲಿ, ವಂಶಾವಳಿ ಹಾಡುವ ಢಾಡಿಗಳ ನಾಲಿಗೆಯಲ್ಲಿ ಹುಡುಕಬೇಕಾದದ್ದು. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ನೆಲಕ್ಕೆ ಪತ್ರವಾಯಿತು. ನಡೆದ ದಾರಿಗೂ ಒಂದು ದಾಖಲೆ ಬೇಕು.

2020ರ ಮೇ ತಿಂಗಳನ್ನು ಈ ಭಾಗದವರು ಮರೆಯಲಾರರು. ದೇಶದ ಮೊದಲ ಕೊರೊನಾ ಸಾವು ಕಂಡ ಕಲಬುರಗಿಗೆ ಮಹಾರಾಷ್ಟ್ರದಿಂದ ಸಾವಿರಾರು ಜನ ಶ್ರಮಿಕ ರೈಲಿನಲ್ಲಿ, ಲಾರಿಯಲ್ಲಿ, ನಡೆದುಕೊಂಡು ಮರಳಿದರು. ಊರ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಸಂಜೆ ಹೊತ್ತು ಶಾಲೆಯ ಕಾಂಪೌಂಡಿನ ಆಚೆ ನಿಂತು, ಒಳಗಿನಿಂದ ತಾಂಡಾದ ಹೆಂಗಸರು ಹಾಡುವುದನ್ನು ನಾನು ಕೇಳಿದ್ದೇನೆ. ಅವರು ಬಿಟ್ಟುಬಂದ ಖೋಲಿ, ಸಂಬಳ ಕೊಡದೆ ಫೋನು ಆರಿಸಿದ ಗುತ್ತೇದಾರ, ಗಡಿಯಲ್ಲಿ ಕಾದ ರಾತ್ರಿ, ಎಲ್ಲವೂ ಆ ಹಾಡಿನಲ್ಲಿತ್ತು. ಕೇಂದ್ರದ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಮೈಬಿಸಿ ದಾಖಲಾದವು. ಉಳಿದದ್ದನ್ನು ದಾಖಲಿಸಲು ಅಲ್ಲಿ ಯಾವ ಕಾಲಮ್ಮೂ ಇರಲಿಲ್ಲ.

ಕನ್ನಡಿಗರ ಮುಂಬಯಿ ಸಾಹಿತ್ಯದಲ್ಲಿ ಸಾಕಷ್ಟು ಬಂದಿದೆ. ಯಶವಂತ ಚಿತ್ತಾಲರ 'ಶಿಕಾರಿ', ವ್ಯಾಸರಾಯ ಬಲ್ಲಾಳರ ಕಾದಂಬರಿಗಳು, ಜಯಂತ ಕಾಯ್ಕಿಣಿಯವರ ಕಥೆಗಳು ನಮ್ಮ ಹೆಮ್ಮೆ. ಕರಾವಳಿಯಿಂದ ಹೋದವರಿಗೆ ಸಂಘಗಳಿದ್ದವು, ರಾತ್ರಿಶಾಲೆಗಳಿದ್ದವು, ಪತ್ರಿಕೆಗಳಿದ್ದವು. ಕಲಬುರಗಿ, ಯಾದಗಿರಿ, ಬೀದರಿನಿಂದ ಹೋಗಿ ಗಾರೆ ಕಲಸಿದವರಿಗೆ ಆ ಅನುಕೂಲ ಒದಗಲಿಲ್ಲ. ಅವರ ಮುಂಬಯಿ ಪುಸ್ತಕಕ್ಕೆ ಬಂದದ್ದು ತೀರ ಕಡಿಮೆ. ಅವರೇ ಹಾಡಿಕೊಂಡ ಮುಂಬಯಿಯನ್ನು ನಾವು ಕೇಳಿಸಿಕೊಂಡರೆ ಕನ್ನಡದ ವಲಸೆ ಸಾಹಿತ್ಯಕ್ಕೆ ಕಾಣೆಯಾದ ಅರ್ಧ ಸಿಕ್ಕೀತು.

ಕೇಳಿಸಿಕೊಳ್ಳುವ ಕೆಲಸಕ್ಕೆ ನಮ್ಮಲ್ಲೇ ದೊಡ್ಡ ಮಾದರಿ ಇದೆ. ಭೀಮಾ ತೀರದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಮನೆಮನೆಯ ಹೆಣ್ಣುಮಕ್ಕಳಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಆಮೇಲೆ ಬಂದವು. ಅವರ ಬಳಿ ಟೇಪು ಇರಲಿಲ್ಲ, ಅನುದಾನ ಇರಲಿಲ್ಲ. ಅದಾಗಿ ಹತ್ತು ವರ್ಷಕ್ಕೆ, 1941ರ ಆಗಸ್ಟಿನಲ್ಲಿ, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅಲನ್ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಮಿಸಿಸಿಪ್ಪಿಯ ಸ್ಟೋವಾಲ್ ತೋಟಕ್ಕೆ ಹೋಗಿ ಒಬ್ಬ ಕೂಲಿಯ ಗುಡಿಸಲಲ್ಲಿ ಹಾಡು ರೆಕಾರ್ಡ್ ಮಾಡಿಕೊಂಡರು. ಆ ಕೂಲಿಯೇ ಮಡಿ ವಾಟರ್ಸ್. ತನ್ನ ದನಿಯನ್ನು ತಾನೇ ಕೇಳಿಸಿಕೊಂಡ ಅವನು, ಕೂಲಿ ಹೆಚ್ಚಿಸಲು ತೋಟದ ಮೇಲ್ವಿಚಾರಕ ಒಪ್ಪದಿದ್ದಾಗ 1943ರಲ್ಲಿ ರೈಲು ಹತ್ತಿ ಶಿಕಾಗೊಗೆ ಹೋದ. ಕಾರ್ಖಾನೆಯಲ್ಲಿ ದುಡಿದ. ಗದ್ದಲದ ಹೋಟೆಲುಗಳಲ್ಲಿ ಮರದ ಗಿಟಾರಿನ ದನಿ ಕೇಳದಾದಾಗ ವಿದ್ಯುತ್ ಗಿಟಾರ್ ಹಿಡಿದ. ಜಗತ್ತಿನ ರಾಕ್ ಸಂಗೀತ ಅವನ ಋಣದಲ್ಲಿದೆ.

ಈ ಕಥೆಯಿಂದ ನಾವು ಕಲಿಯಬೇಕಾದ ಎರಡು ಎಚ್ಚರಗಳೂ ಇವೆ. ಜಾನ್ ವರ್ಕ್ ಸ್ವತಃ ಕಪ್ಪು ಸಂಗೀತ ವಿದ್ವಾಂಸ, ಆ ಜನರ ಒಳಗಿನವನು. ಆ ಕ್ಷೇತ್ರಕಾರ್ಯದ ಬಗ್ಗೆ ಅವನು ಬರೆದ ಹಸ್ತಪ್ರತಿ ದಶಕಗಳ ಕಾಲ ಕಾಣೆಯಾಗಿ, ಅಚ್ಚಾದದ್ದು 2005ರಲ್ಲಿ. ಅಲ್ಲಿಯವರೆಗೆ ಹೆಸರೆಲ್ಲ ಹೊರಗಿನಿಂದ ಬಂದವನದಾಗಿತ್ತು. ಎರಡನೆಯದು ಹಣದ ಮಾತು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕಪ್ಪು ಗಾಯಕರ ತಟ್ಟೆಗಳನ್ನು ಲಕ್ಷಗಟ್ಟಲೆ ಮಾರಿದವು, ಹಾಡಿದವರಿಗೆ ಒಂದು ಸಲದ ಸಂಭಾವನೆ ಕೊಟ್ಟು ಕೈ ತೊಳೆದುಕೊಂಡವು. ಬ್ಲೂಸಿನ ರಾಣಿ ಎನಿಸಿದ ಬೆಸಿ ಸ್ಮಿತ್‌ಗೂ ಮಾರಾಟದ ಪಾಲು ಸಿಗಲಿಲ್ಲ. ನಮ್ಮ ಹಾಡುಗಳನ್ನು ದಾಖಲಿಸುವಾಗ ಈ ಎರಡೂ ಅನ್ಯಾಯ ಮರುಕಳಿಸಬಾರದು. ದಾಖಲಿಸುವವರು ಊರಿನ, ತಾಂಡಾದ ಮಕ್ಕಳೇ ಆಗಿರಬೇಕು. ಹಾಡಿದವರ ಹೆಸರು ಮೊದಲು ಬರಬೇಕು, ಅವರ ಒಪ್ಪಿಗೆ ಇರಬೇಕು, ಹಾಡು ಎಲ್ಲಿ ಬಳಕೆಯಾದರೂ ಗೌರವಧನ ಅವರ ಕೈ ಸೇರಬೇಕು.

ಅವರ ವಲಸೆ, ನಮ್ಮ ಗುಳೆ ಒಂದೇ ಎಂದು ನಾನು ಹೇಳುತ್ತಿಲ್ಲ. ಅವರ ಬೆನ್ನ ಮೇಲೆ ಗುಲಾಮಗಿರಿಯ ಬಾಸುಂಡೆ ಇತ್ತು, ಅವರು ಹೋದದ್ದು ಬಹುಪಾಲು ಮರಳದ ಹಾದಿಯಲ್ಲಿ. ನಮ್ಮಲ್ಲಿ ಹಲವರು ಸುಗ್ಗಿ ಮುಗಿಸಿ ಹೋಗಿ ಮಳೆಗೆ ಮರಳುತ್ತಾರೆ. ಆದರೆ ಯಾರು ಹೋಗುತ್ತಾರೆ ಎಂದು ನೋಡಿದರೆ ಜಾತಿ ಎದ್ದು ಕಾಣುತ್ತದೆ: ಹೊಲವಿಲ್ಲದ ದಲಿತರು, ತಾಂಡಾದವರು, ತುಂಡು ಮಡ್ಡಿ ಹೊಲದ ಹಿಂದುಳಿದವರು. ಜಾತಿಗೂ ವರ್ಣಭೇದಕ್ಕೂ ಇರುವ ಈ ನಂಟನ್ನು ಬಾಬಾಸಾಹೇಬ ಅಂಬೇಡ್ಕರರು ಮೊದಲೇ ಕಂಡಿದ್ದರು. 1946ರಲ್ಲಿ ಅವರು ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಕಪ್ಪು ಜನರ ಹೋರಾಟದಿಂದ ನಾವು ಕಲಿಯಬಹುದು ಎಂದು ಅಂಬೇಡ್ಕರರಿಗೆ ಅನಿಸಿದ್ದರೆ, ಆ ಜನ ತಮ್ಮ ಹಾಡನ್ನು ಕಾಪಾಡಿಕೊಂಡ ಬಗೆಯಿಂದಲೂ ನಾವು ಕಲಿಯಬಹುದು.

ಕೆಲಸ ಕಷ್ಟದ್ದಲ್ಲ. ಕಲಬುರಗಿಯಲ್ಲಿ 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯವಿದೆ. ಆಕಾಶವಾಣಿಯ ಕಲಬುರಗಿ ಕೇಂದ್ರವಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ರಸ್ತೆ, ಕಟ್ಟಡ, ಆಸ್ಪತ್ರೆ ಎಲ್ಲವೂ ಬೇಕು. ಅದರಲ್ಲಿ ಒಂದು ಸಣ್ಣ ಪಾಲು ಈ ಭಾಗದ ಗುಳೆ ಹಾಡುಗಳ ದನಿ ಭಂಡಾರಕ್ಕೆ ಮೀಸಲಾಗಲಿ. ಅಲ್ಲಿ ಕನ್ನಡದ ಜೊತೆ ಲಂಬಾಣಿ, ದಖ್ಖನಿ, ಮರಾಠಿ, ತೆಲುಗಿನ ಹಾಡುಗಳೂ ಇರಲಿ, ಏಕೆಂದರೆ ನಮ್ಮ ಜನ ದುಡಿದದ್ದು, ಅತ್ತದ್ದು, ಹಾಡಿದ್ದು ಈ ಎಲ್ಲ ಭಾಷೆಗಳಲ್ಲಿ. ವಿಶ್ವವಿದ್ಯಾಲಯಗಳು ಎಂ.ಎ. ವಿದ್ಯಾರ್ಥಿಗಳಿಗೆ ತಮ್ಮ ಊರಿನ ಒಬ್ಬ ಹಾಡುಗಾರರನ್ನು ದಾಖಲಿಸುವುದನ್ನೇ ಪರೀಕ್ಷೆಯ ಭಾಗವಾಗಿ ಮಾಡಲಿ. ಹೋಗುವ ಹೊತ್ತನ್ನೂ ಅರಿತು ಹೋಗಬೇಕು: ಪಂಚಮಿಗೆ ಹೆಣ್ಣುಮಕ್ಕಳು ಬರುತ್ತಾರೆ, ಮೊಹರಂಗೆ ಗಂಡುಮಕ್ಕಳು ಬರುತ್ತಾರೆ, ಶರಣಬಸವೇಶ್ವರರ ಜಾತ್ರೆಗೆ ಎಲ್ಲರೂ ಬರುತ್ತಾರೆ. ಮುಂಬಯಿ, ಪುಣೆಯ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ ಹಾಕಿಕೊಂಡವರ ಬಳಿಗೂ ಹೋಗಬೇಕು.

ಹಾಡನ್ನು ಮಾತ್ರ ತುಂಬಿಕೊಂಡರೆ ಸಾಲದು. ಯಾವ ವರ್ಷ ಹೋದಿರಿ, ಯಾರು ಕರೆದೊಯ್ದರು, ಮುಂಗಡ ಎಷ್ಟು, ಏನು ಕೆಲಸ, ಮಕ್ಕಳನ್ನು ಯಾರ ಬಳಿ ಬಿಟ್ಟಿರಿ, ಈ ಪದ ಎಲ್ಲಿ ಕಟ್ಟಿದಿರಿ ಎಂಬುದನ್ನು ಕೇಳಿ ಬರೆಯಬೇಕು. ಆಗ ಹಾಡು ಚರಿತ್ರೆಯಾಗುತ್ತದೆ. ಆ ಚರಿತ್ರೆ ನಾಳೆ ನೀತಿ ರೂಪಿಸುವವರಿಗೂ ಬೇಕು. ಗುಳೆ ಯಾವ ತಿಂಗಳು ಶುರುವಾಗುತ್ತದೆ, ಶಾಲೆ ಬಿಡುವ ಮಕ್ಕಳು ಯಾರ ಮನೆಯವರು, ಸಾಲ ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಅಲ್ಲಿ ಉತ್ತರವಿದೆ.

ಸಂಸ್ಥೆಗಳು ಏಳುವವರೆಗೆ ಕಾಯಬೇಕಾಗಿಲ್ಲ. ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಹಲಸಂಗಿಯ ಗೆಳೆಯರ ಬಳಿ ಇಲ್ಲದ ಸಾಧನ ಅದು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಅವ್ವನ, ಅಜ್ಜಿಯ, ಸೋದರತ್ತೆಯ ಪಕ್ಕ ಕೂತು, ಅವರು ದುಡಿಯಲು ಹೋದ ಊರಿನ ಹೆಸರು ಕೇಳಿ. ಆ ಊರಲ್ಲಿ ಏನು ಹಾಡುತ್ತಿದ್ದಿರಿ ಎಂದು ಕೇಳಿ. ಅವರ ಹೆಸರು, ಊರು, ವರ್ಷ ಹೇಳಿಸಿ ದನಿ ತುಂಬಿಕೊಳ್ಳಿ, ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ಒಂದು ಪ್ರತಿ ಕೊಡಿ. ಈ ನಾಡಿನ ಕಟ್ಟಡ ಕಟ್ಟಿದವರ ಚರಿತ್ರೆ ಅವರ ಬಾಯಿಂದಲೇ ಉಳಿಯಲಿ.